ಟ್ಯಾಂಡಮ್ ಸ್ಕೈಡೈವಿಂಗ್: ಪ್ಯಾರಾಚೂಟ್ ಕೈಕೊಟ್ಟರೆ ಯಾರು ಏನು ಮಾಡ್ತಾರೆ?

2025ರ ಫೆಬ್ರುವರಿಯಲ್ಲಿ ಆಗ್ರಾದಲ್ಲಿ ತರಬೇತಿ ಜಿಗಿತದ ವೇಳೆ ಪ್ಯಾರಾಚೂಟ್ ತೆರೆದುಕೊಳ್ಳದೆ ಶಿವಮೊಗ್ಗ ಜಿಲ್ಲೆಯ ವಾಯುಪಡೆ ತರಬೇತುದಾರರೊಬ್ಬರು ತೀರಿಕೊಂಡರು. ಆ ಸುದ್ದಿ ಬಂದ ದಿನ ನಮ್ಮ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಎದ್ದ ಮೊದಲ ಪ್ರಶ್ನೆ, "ಎರಡನೇ ಪ್ಯಾರಾಚೂಟ್ ಇರುತ್ತಲ್ವಾ, ಅದೇನಾಯ್ತು?" ಅಂತ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ, ಅದು ನನಗೆ: "ನೀನೂ ಒಂದ್ಸಲ ಹಾರಿದ್ಯಲ್ಲ, ಇದನ್ನೆಲ್ಲ ನಿನಗೆ ಹೇಳಿಕೊಟ್ಟಿದ್ರಾ?"

ಹೇಳಿಕೊಟ್ಟಿರಲಿಲ್ಲ. ನಾನು ಹಾರಿದ್ದು ಟ್ಯಾಂಡಮ್. ಅಂದರೆ ತರಬೇತುದಾರರ ಎದೆಗೆ ಬೆನ್ನು ಕೊಟ್ಟು, ಅವರ ಜೊತೆ ಬಿಗಿಸಿಕೊಂಡು ಹಾರೋದು. ಹತ್ತು ಹದಿನೈದು ನಿಮಿಷದ ಪಾಠ. ವಿಮಾನದ ಬಾಗಿಲಲ್ಲಿ ಬಾಳೆಹಣ್ಣಿನ ಹಾಗೆ ಮೈ ಬಾಗಿಸಬೇಕು, ಇಳಿಯುವಾಗ ಕಾಲು ಮೇಲೆತ್ತಬೇಕು, ಕ್ಯಾಮೆರಾ ನೋಡಿ ನಗಬೇಕು. ಅದಕ್ಕೂ ಮೊದಲು ಒಂದು ಕಟ್ಟು ಕಾಗದಕ್ಕೆ ಸಹಿ. ಓದದೆ ಸಹಿ ಹಾಕಿದೆ. "ತೆರೆಯದಿದ್ರೆ?" ಅಂತ ಕೇಳಿದ್ದಕ್ಕೆ "ದುಡ್ಡು ವಾಪಸ್" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಗ್ರಾದ್ದು ಸೇನೆಯ ಜಿಗಿತ, ಒಬ್ಬರೇ ಹಾರಿದ್ದು. ಅದರ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ. ದುಡ್ಡು ಕೊಟ್ಟು ಹಾರುವ ನಮ್ಮಂಥ ಪ್ರವಾಸಿಗರ ಕಥೆ ಬೇರೆ. 'ಜಿಂದಗಿ ನಾ ಮಿಲೇಗಿ ದೋಬಾರಾ' ನೋಡಿ ಆಸೆ ಹುಟ್ಟಿಸಿಕೊಂಡವರು, ದುಬೈಗೆ ಹೋದಾಗ ಹಾರಿ ಬಂದವರು, ಹರಿಯಾಣದ ನಾರ್ನೌಲ್‌ಗೆ ಹೋಗೋಣ ಅಂತ ಪ್ಲಾನ್ ಮಾಡ್ತಿರೋರು ನಮ್ಮ ನಡುವೆ ಸಾಕಷ್ಟು ಮಂದಿ ಇದ್ದಾರೆ. ಅವತ್ತು ನನಗೆ ಹೇಳಬೇಕಾಗಿದ್ದ ವಿಷಯ ಇಲ್ಲಿದೆ. ಹಾರೋದನ್ನ ಕಲಿಸೋ ಬರಹ ಇದಲ್ಲ. ನಿಮ್ಮ ಜೀವವನ್ನು ಯಾರ ಕೈಗೆ, ಯಾವ ಏರ್ಪಾಡಿನ ಕೈಗೆ ಕೊಡ್ತಿದ್ದೀರಿ ಅನ್ನೋದು ಗೊತ್ತಾಗಲಿ ಅಂತ.

ಒಂದು ಮಾತು ಮೊದಲೇ. ಪ್ಯಾರಾಗ್ಲೈಡಿಂಗ್ ಬೇರೆ, ಸ್ಕೈಡೈವಿಂಗ್ ಬೇರೆ. ಬೀರ್ ಬಿಲ್ಲಿಂಗ್‌ನಲ್ಲಿ ಗುಡ್ಡದ ಮೇಲಿಂದ ಓಡಿ ಹಾರುವಾಗ ರೆಕ್ಕೆ ಮೊದಲೇ ತೆರೆದಿರುತ್ತೆ. ಸ್ಕೈಡೈವಿಂಗ್‌ನಲ್ಲಿ ವಿಮಾನದಿಂದ ಬಿದ್ದ ಮೇಲೆ ತೆರೆಯಬೇಕು. ತೊಂದರೆಗಳೂ ಬೇರೆ, ಅದನ್ನು ನಿಭಾಯಿಸುವ ರೀತಿಯೂ ಬೇರೆ.

ಇಬ್ಬರ ತೂಕ, ಒಂದು ಬ್ಯಾಗು

ಟ್ಯಾಂಡಮ್ ಪದ್ಧತಿ ಶುರುವಾಗಿದ್ದು 1980ರ ದಶಕದ ಮೊದಲ ಭಾಗದಲ್ಲಿ, ಅಮೆರಿಕದಲ್ಲಿ. ಟೆಡ್ ಸ್ಟ್ರಾಂಗ್ ಮತ್ತು ಬಿಲ್ ಬೂತ್ ಎಂಬ ಇಬ್ಬರು ಪ್ಯಾರಾಚೂಟ್ ತಯಾರಕರು ಇದನ್ನು ರೂಪಿಸಿದರು. 1984ರಿಂದ ಅಲ್ಲಿನ ವಿಮಾನಯಾನ ಆಡಳಿತ ಎಫ್‌ಎಎ ಇದಕ್ಕೆ ಪ್ರಯೋಗದ ಹೆಸರಲ್ಲಿ ವಿನಾಯಿತಿ ಕೊಟ್ಟಿತ್ತು. ಮಾಮೂಲಿ ನಿಯಮದೊಳಗೆ ಸೇರಿದ್ದು 2001ರಲ್ಲಿ.

ತರಬೇತುದಾರರ ಬೆನ್ನ ಮೇಲಿನ ಬ್ಯಾಗಿನಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ, ಒಂದು ಮುಖ್ಯ, ಒಂದು ರಿಸರ್ವ್. ಪ್ರಯಾಣಿಕರ ಮೈಮೇಲೆ ಇರೋದು ಬರೀ ಪಟ್ಟಿಗಳ ಹಾರ್ನೆಸ್. ಅದನ್ನು ಭುಜದ ಹತ್ತಿರ ಎರಡು, ಸೊಂಟದ ಹತ್ತಿರ ಎರಡು, ಒಟ್ಟು ನಾಲ್ಕು ಕಡೆ ತರಬೇತುದಾರರ ಹಾರ್ನೆಸ್‌ಗೆ ಸಿಕ್ಕಿಸಿರುತ್ತಾರೆ. ನಿಮ್ಮದು ಅಂತ ಬೇರೆ ಪ್ಯಾರಾಚೂಟ್ ಇಲ್ಲ. ಇದನ್ನ ಹಾರಿ ಬಂದವರಿಗೆ ಹೇಳಿದಾಗಲೂ ಎಷ್ಟೋ ಮಂದಿ "ಹೌದಾ?" ಅಂತಾರೆ.

ಇನ್ನೊಂದು ವ್ಯತ್ಯಾಸ ಡ್ರೋಗ್. ಒಬ್ಬರೇ ಹೊಟ್ಟೆ ಕೆಳಗಾಗಿ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿ.ಮೀ.ಗೆ ಬಂದು ನಿಲ್ಲುತ್ತೆ. ಇಬ್ಬರು ಸೇರಿದರೆ ತೂಕ ಎರಡರಷ್ಟಾಗುತ್ತೆ, ಆದರೆ ಗಾಳಿಗೆ ಎದುರಾಗುವ ಮೈ ಎರಡರಷ್ಟಾಗಲ್ಲ, ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಂಟಿಕೊಂಡಿರ್ತಾರಲ್ಲ. ಹಾಗಾಗಿ ಬಿಟ್ಟರೆ ವೇಗ 270-280 ಕಿ.ಮೀ. ಮುಟ್ಟುತ್ತೆ. ಆ ವೇಗದಲ್ಲಿ ದೊಡ್ಡ ಪ್ಯಾರಾಚೂಟ್ ತೆರೆದರೆ ಬಟ್ಟೆಗೂ ಪೆಟ್ಟು, ಮೈಗೂ ಪೆಟ್ಟು. ಅದಕ್ಕೇ ವಿಮಾನದಿಂದ ಹೊರಬಿದ್ದ ಕೆಲವೇ ಸೆಕೆಂಡಿನಲ್ಲಿ ತರಬೇತುದಾರರು ಒಂದು ಪುಟ್ಟ ಪ್ಯಾರಾಚೂಟನ್ನು ಕೈಯಿಂದ ಗಾಳಿಗೆ ಎಸೆಯುತ್ತಾರೆ. ಅದೇ ಡ್ರೋಗ್. ಅದು ಹಿಂದಕ್ಕೆ ಎಳೆಯುತ್ತಾ ವೇಗವನ್ನು ಒಬ್ಬರ ಮಟ್ಟಕ್ಕೆ ಇಳಿಸುತ್ತೆ. ಮುಖ್ಯ ಪ್ಯಾರಾಚೂಟ್ ತೆರೆಯುವ ಹೊತ್ತಿಗೆ ಒಂದು ಹ್ಯಾಂಡಲ್ ಎಳೆದರೆ ಇದೇ ಡ್ರೋಗ್ ಕೊಂಡಿ ಬಿಚ್ಚಿಕೊಂಡು ಮುಖ್ಯ ಪ್ಯಾರಾಚೂಟನ್ನು ಬ್ಯಾಗಿನಿಂದ ಹೊರಗೆ ಎಳೆದುಕೊಂಡು ಹೋಗುತ್ತೆ.

ಸೆಕೆಂಡಿನ ಲೆಕ್ಕ

ಸಾಮಾನ್ಯವಾಗಿ ಹಾರೋದು 10,000ದಿಂದ 13,000 ಅಡಿ ಎತ್ತರದಿಂದ. ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ನಿಯಮದ ಪ್ರಕಾರ ಟ್ಯಾಂಡಮ್‌ನಲ್ಲಿ ಮುಖ್ಯ ಪ್ಯಾರಾಚೂಟನ್ನು 5,000 ಅಡಿಗಿಂತ ಕೆಳಗೆ ತೆರೆಯುವಂತಿಲ್ಲ. ಒಬ್ಬರೇ ಹಾರುವ ನುರಿತವರಿಗೆ ಈ ಮಿತಿ 2,500 ಅಡಿ. ಟ್ಯಾಂಡಮ್‌ಗೆ ಎರಡರಷ್ಟು ಎತ್ತರ ಇಟ್ಟಿರೋದೇ ಏನಾದ್ರೂ ಕೈಕೊಟ್ಟರೆ ಸರಿಮಾಡಿಕೊಳ್ಳಲು ಸಮಯ ಸಿಗಲಿ ಅಂತ.

ಎಷ್ಟು ಸಮಯ? ಡ್ರೋಗ್ ಇದ್ದರೂ ಸೆಕೆಂಡಿಗೆ ಸುಮಾರು 54 ಮೀಟರ್ ಬೀಳ್ತಾ ಇರ್ತೀರಿ. 5,000 ಅಡಿಯಿಂದ ನೆಲಕ್ಕೆ ಹೆಚ್ಚುಕಮ್ಮಿ 28 ಸೆಕೆಂಡ್. ಪ್ಯಾರಾಚೂಟ್ ಪೂರ್ತಿ ಅರಳೋಕೆ ಕೆಲವು ಸೆಕೆಂಡ್ ಬೇಕು, ನೋಡಿ ತೀರ್ಮಾನ ಮಾಡೋಕೆ ಕೆಲವು ಸೆಕೆಂಡ್, ರಿಸರ್ವ್ ತೆರೆಯೋಕೆ ಇನ್ನೊಂದಿಷ್ಟು. ಎಲ್ಲವೂ ಆ 28ರ ಒಳಗೇ ಆಗಬೇಕು. ಅಂದರೆ ಮೇಲೆ ಕೂತು ಯೋಚನೆ ಮಾಡಿ ನಿರ್ಧಾರ ತಗೊಳ್ಳೋ ಹೊತ್ತಲ್ಲ ಅದು. ಏನು ಕಂಡರೆ ಏನು ಮಾಡಬೇಕು ಅನ್ನೋದನ್ನ ನೆಲದ ಮೇಲೆ ನೂರಾರು ಸಲ ಮಾಡಿ ಮಾಡಿ ಕೈಗೆ ರೂಢಿಯಾಗಿರಬೇಕು. ತರಬೇತಿಗೆ ನಾವು ಕೊಡುವ ಬೆಲೆ ಇದಕ್ಕೇ.

ತೊಂದರೆ ಶುರುವಾಗೋ ಜಾಗಗಳು

ಮೊದಲ ಅಪಾಯ ಡ್ರೋಗ್ ಎಸೆಯುವುದಕ್ಕೂ ಮುಂಚೆ. ಹೊರಬಿದ್ದ ಜೋಡಿ ಹೊಟ್ಟೆ ಕೆಳಗಾಗಿ ನೆಟ್ಟಗಾಗದೆ ಒಂದು ಮಗ್ಗುಲಿಗೆ ತಿರುಗಿ ಬುಗುರಿಯ ಹಾಗೆ ಸುತ್ತತೊಡಗಿದರೆ ಅದನ್ನು ಸೈಡ್ ಸ್ಪಿನ್ ಅಂತಾರೆ. ಸುತ್ತು ಜೋರಾದಷ್ಟೂ ತರಬೇತುದಾರರ ಕೈ ಡ್ರೋಗ್‌ವರೆಗೆ ಹೋಗೋದು ಕಷ್ಟ. ಎಸೆದರೂ ಅದರ ಪಟ್ಟಿ ಕೈಗೋ ಕಾಲಿಗೋ ಸುತ್ತಿಕೊಳ್ಳುವ ಭಯ. ಪ್ರಯಾಣಿಕರು ಮಗುವಿನ ಹಾಗೆ ಮೈ ಮುದುಡಿಕೊಳ್ಳೋದು, ಗಾಬರಿಯಲ್ಲಿ ಕೈಕಾಲು ಬಡಿಯೋದು ಇದಕ್ಕೆ ದೊಡ್ಡ ಕಾರಣ. ಬಾಳೆಹಣ್ಣಿನ ಹಾಗೆ ಬಾಗಿ ಅಂತ ಹೇಳಿಕೊಟ್ಟಿದ್ದರ ಅರ್ಥ ನನಗೆ ತಿಳಿದಿದ್ದು ಇದನ್ನ ಓದಿದ ಮೇಲೆ. ಫೋಟೊ ಚೆನ್ನಾಗಿ ಬರಲಿ ಅಂತ ಹೇಳಿದ್ದು ಅಂದುಕೊಂಡಿದ್ದೆ!

ಎರಡನೆಯದು, ಡ್ರೋಗ್ ಹೊರಗಿದೆ, ಹ್ಯಾಂಡಲ್ ಎಳೆದಿದ್ದಾಗಿದೆ, ಆದರೆ ಮುಖ್ಯ ಪ್ಯಾರಾಚೂಟಿನ ಬ್ಯಾಗು ಬಿಚ್ಚಿಕೊಂಡಿಲ್ಲ. ಡ್ರೋಗ್ ಸುಮ್ಮನೆ ಹಿಂದೆ ತೇಲ್ತಾ ಇದೆ. ಇದಕ್ಕಾಗಿಯೇ ಬಿಡುಗಡೆಯ ಹ್ಯಾಂಡಲ್ ಒಂದಕ್ಕಿಂತ ಹೆಚ್ಚು ಇರುತ್ತೆ. ಒಂದು ಕೆಲಸ ಮಾಡದಿದ್ರೆ ಇನ್ನೊಂದು. ಅದೂ ಆಗದಿದ್ರೆ ರಿಸರ್ವ್‌ಗೆ ಹೋಗಬೇಕು. ಇಲ್ಲಿ ಒಂದು ತೊಡಕಿದೆ: ರಿಸರ್ವ್ ಮೇಲೆದ್ದು ಬರುವ ದಾರಿಯಲ್ಲೇ ಡ್ರೋಗ್‌ನ ಉದ್ದನೆ ಪಟ್ಟಿ ಇದೆ, ಒಂದಕ್ಕೊಂದು ಸುತ್ತಿಕೊಳ್ಳಬಹುದು. ಹಾಗಾಗಿ ಯಾವ ಹ್ಯಾಂಡಲ್ ಮೊದಲು, ಯಾವುದು ಆಮೇಲೆ ಅನ್ನೋದನ್ನ ಆ ಬ್ಯಾಗು ತಯಾರಿಸಿದ ಕಂಪನಿಯ ಕೈಪಿಡಿ ಹೇಳುತ್ತೆ. ಒಂದು ಕಂಪನಿಯ ಬ್ಯಾಗಿನಲ್ಲಿ ಕಲಿತವರು ಇನ್ನೊಂದು ಕಂಪನಿಯದ್ದನ್ನು ಬೆನ್ನಿಗೆ ಹಾಕಿಕೊಂಡು ಹಾಗೇ ಹಾರುವಂತಿಲ್ಲ. ಆ ಮಾದರಿಗೆ ಪ್ರತ್ಯೇಕ ತರಬೇತಿ ಕಡ್ಡಾಯ.

ಮೂರನೆಯದು ಹೆಚ್ಚು ಕಾಣಸಿಗುವಂಥದ್ದು. ಪ್ಯಾರಾಚೂಟ್ ತೆರೆದಿದೆ, ಆದರೆ ಸರಿಯಾಗಿ ತೆರೆದಿಲ್ಲ. ತರಬೇತುದಾರರು ಮೇಲೆ ನೋಡಿ ಕೇಳಿಕೊಳ್ಳುವ ಪ್ರಶ್ನೆ ಮೂರೇ. ಇದೆಯಾ? ಚೌಕಾಕಾರವಾಗಿದೆಯಾ? ಹೇಳಿದ ಹಾಗೆ ತಿರುಗುತ್ತಾ?

ದಾರಗಳು ಜಡೆಯ ಹಾಗೆ ಹೆಣೆದುಕೊಂಡಿದ್ದು, ಮೇಲೆ ಬಟ್ಟೆ ಪೂರ್ತಿ ಅರಳಿದ್ದರೆ ಅಷ್ಟು ಭಯವಿಲ್ಲ. ಪಟ್ಟಿಗಳನ್ನು ಅಗಲಿಸಿ, ಕಾಲು ಒದ್ದು ಉಲ್ಟಾ ಸುತ್ತು ತಿರುಗಿ ಬಿಡಿಸಿಕೊಳ್ಳುತ್ತಾರೆ. ಟ್ಯಾಂಡಮ್ ಪ್ಯಾರಾಚೂಟ್‌ಗಳು ದೊಡ್ಡವು, ನಿಧಾನದವು, ಹಾಗಾಗಿ ಬಹಳ ಸಲ ಬಿಡಿಸಿಕೊಳ್ಳುತ್ತೆ. ಸ್ಲೈಡರ್ ಅನ್ನೋ ಚೌಕದ ಬಟ್ಟೆ ಮೇಲೆಯೇ ಸಿಕ್ಕಿಹಾಕಿಕೊಂಡರೆ ಬ್ರೇಕಿನ ಹಿಡಿಗಳನ್ನು ಜಗ್ಗಿ ಕೆಳಗಿಳಿಸಲು ನೋಡ್ತಾರೆ. ಆದರೆ ಒಂದು ದಾರ ಬಟ್ಟೆಯ ಮೇಲಿಂದ ಹಾದುಹೋಗಿ ಪ್ಯಾರಾಚೂಟನ್ನು ಬೋ ಟೈ ಹಾಗೆ ನಡುವಲ್ಲಿ ಕಟ್ಟಿಹಾಕಿದ್ದರೆ, ಬಟ್ಟೆ ದೊಡ್ಡದಾಗಿ ಹರಿದಿದ್ದರೆ, ಗಂಟು ಬಿದ್ದು ಒಂದೇ ಕಡೆಗೆ ಗಿರಗಿರ ಸುತ್ತುತ್ತಿದ್ದರೆ, ಅದರ ಜೊತೆ ಗುದ್ದಾಡುತ್ತ ಕೂರುವಂತಿಲ್ಲ. ಅದನ್ನು ಕಳಚಿ ಬಿಸಾಡಬೇಕು.

ಕಳಚುವುದು

ಇಂಗ್ಲಿಷಿನಲ್ಲಿ ಕಟ್‌ಅವೇ ಅಂತ ಕರೆದರೂ ಇಲ್ಲಿ ಏನನ್ನೂ ಕತ್ತರಿಸಲ್ಲ. ಬಿಲ್ ಬೂತ್ 1970ರ ದಶಕದಲ್ಲಿ ರೂಪಿಸಿದ ಮೂರು ಉಂಗುರಗಳ ಕೊಂಡಿ ಇವತ್ತಿಗೂ ಭುಜದ ಮೇಲಿರುತ್ತೆ. ದೊಡ್ಡ ಉಂಗುರದೊಳಗೆ ಮಧ್ಯಮ, ಅದರೊಳಗೆ ಸಣ್ಣದು, ಕೊನೆಗೆ ಒಂದು ಬಟ್ಟೆಯ ಕುಣಿಕೆ, ಅದರೊಳಗೆ ಒಂದು ತಂತಿ. ಪ್ರತಿ ಉಂಗುರವೂ ಭಾರವನ್ನು ಇಳಿಸುತ್ತಾ ಬರುವುದರಿಂದ ಇಬ್ಬರ ತೂಕ ಜಗ್ಗುತ್ತಿದ್ದರೂ ಕೈಯಿಂದ ಎಳೆದರೆ ತಂತಿ ಬರುತ್ತೆ. ಬಲಗಡೆಯ ಹ್ಯಾಂಡಲ್ ಎಳೆದ ಕೂಡಲೇ ಎರಡೂ ಭುಜದ ಕೊಂಡಿ ಒಟ್ಟಿಗೇ ಬಿಚ್ಚಿಕೊಂಡು ಕೆಟ್ಟ ಪ್ಯಾರಾಚೂಟ್ ಹಾರಿಹೋಗುತ್ತೆ. ಆಮೇಲೆ ಎಡಗಡೆಯದ್ದು, ಅದು ರಿಸರ್ವ್.

ಈ ಕ್ರಮ ಹಿಂದುಮುಂದಾಗಬಾರದು. ಸುತ್ತುತ್ತಿರುವ ಮುಖ್ಯ ಪ್ಯಾರಾಚೂಟನ್ನು ಕಳಚದೆ ರಿಸರ್ವ್ ಬಿಟ್ಟರೆ ಒಂದರೊಳಗೊಂದು ಸಿಕ್ಕಿಕೊಂಡು ಎರಡೂ ಕೆಲಸಕ್ಕೆ ಬರದ ಹಾಗಾಗಬಹುದು. ಎರಡೂ ಪ್ಯಾರಾಚೂಟ್ ಹೊರಗೆ ಬಂದುಬಿಟ್ಟ ಪರಿಸ್ಥಿತಿಗೂ ಬೇರೆ ಪಾಠ ಇದೆ. ಒಂದರ ಹಿಂದೊಂದು ನಿಂತು ಸಮಾಧಾನವಾಗಿ ಹಾರ್ತಿದ್ರೆ ಹಾಗೇ ಮೆಲ್ಲಗೆ ಇಳಿಯೋದು. ಎರಡೂ ಬೇರೆ ಬೇರೆ ದಿಕ್ಕಿಗೆ ಮೂತಿ ಮಾಡಿ ನೆಲದತ್ತ ಎಳೆಯತೊಡಗಿದರೆ ಮುಖ್ಯದ್ದನ್ನು ಕಳಚೋದು.

ಕಳಚಿದ ಮೇಲೆ ರಿಸರ್ವ್ ಎಳೆಯುವ ಕೈ ತಡವಾದರೆ? ಅದಕ್ಕೆ ಆರ್‌ಎಸ್‌ಎಲ್ ಅನ್ನೋ ಪಟ್ಟಿ ಇರುತ್ತೆ. ಹಾರಿಹೋಗುವ ಪ್ಯಾರಾಚೂಟೇ ರಿಸರ್ವ್‌ನ ಪಿನ್ ಎಳೆದುಕೊಂಡು ಹೋಗುತ್ತೆ. ಸ್ಕೈಹುಕ್ ಅನ್ನೋ ಏರ್ಪಾಡು ಇನ್ನೂ ಒಂದು ಹೆಜ್ಜೆ ಮುಂದೆ, ಕೆಟ್ಟ ಪ್ಯಾರಾಚೂಟಿನ ಎಳೆತವನ್ನೇ ಬಳಸಿ ರಿಸರ್ವ್ ಅನ್ನು ಹೊರಗೆ ಜಗ್ಗಿಸುತ್ತೆ. ಇವೆಲ್ಲ ಇದ್ದರೂ ತರಬೇತುದಾರರು ಎಡಗಡೆ ಹ್ಯಾಂಡಲನ್ನು ಎಳೆದೇ ಎಳೆಯಬೇಕು. ಪಟ್ಟಿ ನೋಡಿಕೊಳ್ಳುತ್ತೆ ಅಂತ ಸುಮ್ಮನಿರುವಂತಿಲ್ಲ.

ಯಾರೂ ಏನೂ ಮಾಡದಿದ್ದರೆ

ಬ್ಯಾಗಿನೊಳಗೆ ಒಂದು ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುತ್ತೆ. ಎಎಡಿ ಅಂತಾರೆ. ಜರ್ಮನಿಯ ಹೆಲ್ಮುಟ್ ಕ್ಲೋತ್ ರೂಪಿಸಿ 1991ರಲ್ಲಿ ಮಾರುಕಟ್ಟೆಗೆ ಬಂದ ಸಿಪ್ರೆಸ್ ಇದರಲ್ಲಿ ಹೆಸರುವಾಸಿ. ಗಾಳಿಯ ಒತ್ತಡ ಅಳೆದು ಎತ್ತರ ಮತ್ತು ವೇಗ ಎರಡನ್ನೂ ಲೆಕ್ಕ ಹಾಕುತ್ತೆ. ಟ್ಯಾಂಡಮ್ ಮಾದರಿಯಾದರೆ ಸುಮಾರು 1,900 ಅಡಿಯಲ್ಲಿ, ವೇಗ ಸೆಕೆಂಡಿಗೆ 35 ಮೀಟರಿಗಿಂತ ಹೆಚ್ಚಿದ್ದರೆ, ಒಂದು ಸಣ್ಣ ಸಿಡಿತದ ಚಾಕು ರಿಸರ್ವ್ ಬ್ಯಾಗಿನ ಬಾಯಿ ಕಟ್ಟಿದ ದಾರವನ್ನು ಕಡಿದುಬಿಡುತ್ತೆ. ನುರಿತ ಒಂಟಿ ಜಿಗಿತಗಾರರ ಮಾದರಿಯಲ್ಲಿ ಇದೇ ಕೆಲಸ 750 ಅಡಿಯಲ್ಲಿ ಆಗುತ್ತೆ. ಪ್ರಜ್ಞೆ ತಪ್ಪಿದವರನ್ನು, ಎತ್ತರದ ಅಂದಾಜು ಕಳೆದುಕೊಂಡವರನ್ನು ಈ ಪೆಟ್ಟಿಗೆ ಉಳಿಸಿದೆ.

ಆದರೆ ಇದರ ಮಿತಿಯನ್ನೂ ತಿಳಿದಿರಬೇಕು. ಪೆಟ್ಟಿಗೆಗೆ ಗೊತ್ತಾಗೋದು ವೇಗ ಮತ್ತು ಎತ್ತರ, ಅಷ್ಟೇ. ಅರ್ಧಂಬರ್ಧ ಅರಳಿದ ಪ್ಯಾರಾಚೂಟ್ ವೇಗವನ್ನು ಆ 35 ಮೀಟರಿಗಿಂತ ಕೆಳಗೆ ಇಳಿಸಿದ್ದರೆ ಅದು ಸುಮ್ಮನೆ ಕೂರುತ್ತೆ, ಆ ವೇಗದಲ್ಲಿ ನೆಲಕ್ಕೆ ಬಿದ್ದರೂ ಸಾವು ಖಚಿತವಾಗಿದ್ದರೂ. ಮುಖ್ಯ ಪ್ಯಾರಾಚೂಟನ್ನು ಕಳಚುವ ಶಕ್ತಿಯೂ ಅದಕ್ಕಿಲ್ಲ. ಅದು ಮನುಷ್ಯನ ಕೆಲಸ. 1,900 ಅಡಿಯಲ್ಲಿ ಅದು ಕೆಲಸ ಮಾಡಿದಾಗ ನೆಲಕ್ಕೆ ಉಳಿದಿರೋದು ಹತ್ತು ಹನ್ನೊಂದು ಸೆಕೆಂಡ್. "ಆಟೊಮ್ಯಾಟಿಕ್ ಇದೆ ಸಾರ್, ಟೆನ್ಷನ್ ಬೇಡ" ಅಂತ ಯಾರಾದ್ರೂ ಹೇಳಿದರೆ ಇಷ್ಟನ್ನು ನೆನಪಿಟ್ಟುಕೊಳ್ಳಿ.

ಪ್ರಯಾಣಿಕರ ಪಾಲು

ಇಷ್ಟರಲ್ಲಿ ನಮ್ಮ ಕೈಯಲ್ಲಿ ಏನಿದೆ? ಹೆಚ್ಚೇನಿಲ್ಲ, ಆದರೆ ಏನೂ ಇಲ್ಲ ಅಂತಲೂ ಅಲ್ಲ. ಹಾರ್ನೆಸ್‌ನ ಪಟ್ಟಿ ಹಿಡಿದುಕೊಂಡಿರಿ, ತರಬೇತುದಾರರ ಕೈಯನ್ನಾಗಲಿ ಕಂಡ ಹ್ಯಾಂಡಲನ್ನಾಗಲಿ ಹಿಡಿಯಬೇಡಿ. ತೆರೆದ ಪ್ಯಾರಾಚೂಟ್ ಇದ್ದಕ್ಕಿದ್ದಂತೆ ಮಾಯವಾಗಿ ಮತ್ತೆ ಬೀಳತೊಡಗಿದ ಹಾಗನಿಸಿದರೆ ಅದು ಕಳಚಿದ್ದರ ಲಕ್ಷಣ. ಮತ್ತೆ ಬಾಳೆಹಣ್ಣಿನ ಹಾಗೆ ಬಾಗಿ. ಇಳಿಯುವಾಗ ಕಾಲೆತ್ತಿ, ಟ್ಯಾಂಡಮ್‌ನಲ್ಲಿ ಪ್ರಯಾಣಿಕರ ಕಾಲು ಮುರಿಯೋದು ಹೆಚ್ಚಾಗಿ ಅಲ್ಲೇ.

2009ರ ಜನವರಿಯಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಚೆಸ್ಟರ್‌ನಲ್ಲಿ ನಡೆದದ್ದು ನನಗೆ ಆಗಾಗ ನೆನಪಾಗುತ್ತೆ. ಮೊದಲ ಸಲ ಹಾರಿದ್ದ ಒಬ್ಬ ಯುವ ಸೈನಿಕ, ಗೆಳತಿ ಉಡುಗೊರೆಯಾಗಿ ಕೊಡಿಸಿದ್ದ ಟಿಕೆಟ್. ಮುಖ್ಯ ಪ್ಯಾರಾಚೂಟ್ ಸರಿಯಾಗಿ ತೆರೆಯಿತು. ಅದಾದ ಸ್ವಲ್ಪ ಹೊತ್ತಿಗೆ ಬೆನ್ನಿಗಿದ್ದ ತರಬೇತುದಾರರು ಮಾತು ನಿಲ್ಲಿಸಿದರು, ಹೃದಯಾಘಾತ. ಟಿವಿಯಲ್ಲಿ ನೋಡಿದ ನೆನಪಿನ ಮೇಲೆ ಆತ ಬ್ರೇಕಿನ ಹಿಡಿಗಳನ್ನು ಎಳೆದು ಮನೆ, ಮರಗಳನ್ನು ತಪ್ಪಿಸಿ ಬಯಲಿಗೆ ಇಳಿಸಿದ. ಇಳಿದ ಮೇಲೆ ತರಬೇತುದಾರರ ಎದೆ ಒತ್ತಿ ಉಳಿಸಲು ನೋಡಿದ, ಉಳಿಯಲಿಲ್ಲ. ಯಾವ ಹಿಡಿ ಯಾವುದಕ್ಕೆ ಅನ್ನೋದನ್ನ ಪ್ರಯಾಣಿಕರಿಗೆ ಹೇಳಿಕೊಡಲು ಐದು ನಿಮಿಷ ಸಾಕು. ಟಿವಿಗೆ ಬಿಡುವ ವಿಷಯ ಅಲ್ಲ ಇದು.

ಲೋಡೈ: ಸರಪಳಿ ಕಡಿದಾಗ

ಇಲ್ಲಿಯವರೆಗಿನದ್ದು ಯಂತ್ರದ ಮಾತು. ಈಗ ನಿಯಮದ ಮಾತು.

2016ರ ಆಗಸ್ಟ್ 6. ಕ್ಯಾಲಿಫೋರ್ನಿಯಾದ ಲೋಡೈ ಪಟ್ಟಣದ ಹತ್ತಿರ 18 ವರ್ಷದ ಹುಡುಗ ಮೊದಲ ಸಲ ಟ್ಯಾಂಡಮ್ ಹಾರಿದ. ಜೊತೆಗಿದ್ದ ತರಬೇತುದಾರನಿಗೆ 25 ವರ್ಷ. ಮುಖ್ಯ ಪ್ಯಾರಾಚೂಟೂ ಸರಿಯಾಗಿ ತೆರೆಯಲಿಲ್ಲ, ರಿಸರ್ವೂ ಕಾಪಾಡಲಿಲ್ಲ. ಇಬ್ಬರೂ ದ್ರಾಕ್ಷಿ ತೋಟದಲ್ಲಿ ಬಿದ್ದು ಸತ್ತರು. ಆಮೇಲೆ ಹೊರಬಿದ್ದ ಸಂಗತಿ ಏನೆಂದರೆ, ಆ ತರಬೇತುದಾರನಿಗೆ ಟ್ಯಾಂಡಮ್ ಹಾರಿಸುವ ಸರಿಯಾದ ಅರ್ಹತೆಯೇ ಇರಲಿಲ್ಲ.

ಅಮೆರಿಕದ ನಿಯಮ ಬಿಗಿಯಾಗೇ ಇದೆ. ಟ್ಯಾಂಡಮ್ ತರಬೇತುದಾರರಾಗಲು ಕನಿಷ್ಠ 3 ವರ್ಷದ ಅನುಭವ, 500 ಜಿಗಿತ, ಮೇಲ್ದರ್ಜೆಯ ಲೈಸೆನ್ಸ್, ಮೇಲಾಗಿ ಆ ಬ್ಯಾಗಿನ ಮಾದರಿಗೆ ತರಬೇತಿ ಬೇಕು. ಬ್ಯಾಗಿನಲ್ಲಿ ಕೆಲಸ ಮಾಡುವ ಎಎಡಿ ಇರಲೇಬೇಕು. ರಿಸರ್ವ್ ಅನ್ನು ಪ್ರಮಾಣಪತ್ರ ಪಡೆದ ರಿಗ್ಗರೇ ಮಡಚಬೇಕು, ಅದು 180 ದಿನಕ್ಕೊಮ್ಮೆ. ಆದರೆ ಲೋಡೈನಲ್ಲಿ ತರಬೇತಿ ಕೊಡುತ್ತಿದ್ದ ವ್ಯಕ್ತಿಯ ಅಧಿಕಾರವನ್ನೇ 2015ರಲ್ಲಿ ಅಮಾನತಿನಲ್ಲಿ ಇಡಲಾಗಿತ್ತು. ಅದನ್ನ ಮುಚ್ಚಿಟ್ಟು, ಇನ್ನೊಬ್ಬ ಪರೀಕ್ಷಕರ ಸಹಿ ಬಳಸಿ, ದುಡ್ಡು ತಗೊಂಡು ಕೋರ್ಸ್ ಮುಂದುವರಿಸಿದ. 2024ರಲ್ಲಿ ಫೆಡರಲ್ ಕೋರ್ಟ್ ಆತನಿಗೆ 2 ವರ್ಷ ಜೈಲು ವಿಧಿಸಿತು. ಆರೋಪದ ಹೆಸರು ವಂಚನೆ. ಅದಕ್ಕೂ ಮುಂಚೆ, 2021ರಲ್ಲಿ, ಆ ಜಾಗ ನಡೆಸುತ್ತಿದ್ದವರು ಹುಡುಗನ ಕುಟುಂಬಕ್ಕೆ 4 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ಅಲ್ಲಿನ ಕೋರ್ಟ್ ಹೇಳಿತ್ತು.

ಹುಡುಗ ಕಾಗದಕ್ಕೆ ಸಹಿ ಹಾಕಿದ್ದ. ಆ ಕಾಗದದ ಆಚೆ ಯಾರ ಸಹಿ ಸುಳ್ಳು ಅನ್ನೋದು ಅವನಿಗಾಗಲಿ ಅವನ ತಾಯಿಗಾಗಲಿ ಗೊತ್ತಾಗುವ ದಾರಿಯೇ ಇರಲಿಲ್ಲ. ಸತ್ತ ತರಬೇತುದಾರನನ್ನೂ ನಾನು ಬರೀ ತಪ್ಪಿತಸ್ಥ ಅಂತ ನೋಡಲಾರೆ. ದುಡ್ಡು ಕಟ್ಟಿ ಕೋರ್ಸ್ ಮಾಡಿ, ಕೆಲಸ ಸಿಕ್ಕಿತು ಅಂತ ಬಂದವನು ಅವನೂ. ಈ ವ್ಯಾಪಾರದಲ್ಲಿ ಬಹಳ ಕಡೆ ತರಬೇತುದಾರರಿಗೆ ಜಿಗಿತದ ಲೆಕ್ಕದಲ್ಲಿ, ಪ್ಯಾರಾಚೂಟ್ ಮಡಚುವವರಿಗೆ ಮಡಚಿದ ಲೆಕ್ಕದಲ್ಲಿ ಕೂಲಿ. ನಮ್ಮ ಡೆಲಿವರಿ ಹುಡುಗರಿಗೆ ಆರ್ಡರ್ ಲೆಕ್ಕದಲ್ಲಿ ಸಿಗುತ್ತಲ್ಲ, ಹಾಗೇ. ಬಿಸಿಲು ಚೆನ್ನಾಗಿರುವ ಭಾನುವಾರ, ಸಾಲಿನಲ್ಲಿ ಮೂವತ್ತು ಗಿರಾಕಿ. ಬೇಗ ಮಡಚಿದಷ್ಟೂ ದುಡ್ಡು. ದಾರ ಗಂಟಾಗೋದು ಆಕಾಶದಲ್ಲಿ ಕಾಣುತ್ತೆ, ಶುರುವಾಗೋದು ಅನೇಕ ಸಲ ಮಡಚುವ ಚಾಪೆಯ ಮೇಲೆ.

ಅಂಕಿಅಂಶ ಯಾರಿಗೆ ಅನ್ವಯಿಸುತ್ತೆ?

ಹೆದರಿಸೋದು ನನ್ನ ಉದ್ದೇಶ ಅಲ್ಲ, ಆದ್ದರಿಂದ ಇದನ್ನೂ ಹೇಳಬೇಕು. ಯುಎಸ್‌ಪಿಎ ಲೆಕ್ಕದಲ್ಲಿ 2023ರಲ್ಲಿ ಅಮೆರಿಕದಲ್ಲಿ ಸುಮಾರು 36.5 ಲಕ್ಷ ಜಿಗಿತಗಳಾದವು, ಸತ್ತವರು 10 ಮಂದಿ. ಟ್ಯಾಂಡಮ್ ಪ್ರಯಾಣಿಕರ ಸಾವು 5 ಲಕ್ಷ ಜಿಗಿತಕ್ಕೆ ಒಂದು ಎಂಬುದು ಅವರು ಕೊಡುವ ಸರಾಸರಿ. ಈ ಅಂಕಿಯನ್ನು ಜಾಹೀರಾತಿನಲ್ಲಿ ಎಲ್ಲ ದೇಶದವರೂ ಬಳಸ್ತಾರೆ. ನನಗೆ ತಕರಾರು ಇರೋದು ಇಲ್ಲೇ. ಈ ಅಂಕಿ ಹುಟ್ಟಿದ್ದು ಆ ನಿಯಮ, ಆ ತಪಾಸಣೆ, ಪ್ರತಿ ಅಪಘಾತದ ವಿವರವನ್ನೂ ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿ ಎಲ್ಲರೂ ಓದುವ ರೂಢಿಯ ಒಳಗೆ. ಅಷ್ಟಿದ್ದೂ ಲೋಡೈ ಆಯ್ತು. ಆ ಏರ್ಪಾಡು ತರದೆ ಅಂಕಿಯನ್ನು ಮಾತ್ರ ಆಮದು ಮಾಡಿಕೊಂಡರೆ ಅದು ಸುಳ್ಳು ಭರವಸೆ.

ನಮ್ಮ ದೇಶದಲ್ಲಿ ಸಾರ್ವಜನಿಕರು ಹಾರಬಹುದಾದ ಜಾಗಗಳು ಕೆಲವೇ. ಮೈಸೂರಿನಲ್ಲೂ ಈ ಹಿಂದೆ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ. ಸಾಹಸ ಪ್ರವಾಸೋದ್ಯಮದ ಹೆಸರಿನಲ್ಲಿ ಇವು ಮತ್ತೆ ಬರಬಹುದು, ಬರಲಿ. ಬರುವಾಗ ಅಪಘಾತ ಮಾತ್ರವಲ್ಲ, ರಿಸರ್ವ್ ಬಳಸಬೇಕಾಗಿ ಬಂದ ಪ್ರತಿ ಜಿಗಿತದ ವರದಿಯೂ ಸಾರ್ವಜನಿಕವಾಗಬೇಕು ಅಂತ ಅನುಮತಿ ಪತ್ರದಲ್ಲೇ ಬರೆಯಬೇಕು ಅನ್ನೋದು ನನ್ನ ವಾದ. ಜೀವ ಉಳಿದ ಘಟನೆಗಳಿಂದಲೇ ಹೆಚ್ಚು ಕಲಿಯಬಹುದು, ಏನಾಯ್ತು ಅಂತ ಹೇಳೋಕೆ ಅಲ್ಲಿ ಜನ ಬದುಕಿರುತ್ತಾರೆ.

ಇನ್ನು ಆ ಸಹಿ. "ಏನಾದ್ರೂ ಆದರೆ ನಾವು ಹೊಣೆಯಲ್ಲ" ಅಂತ ಬರೆಸಿಕೊಂಡ ಮಾತ್ರಕ್ಕೆ ಎಲ್ಲ ಹೊಣೆಯೂ ಕಳಚಿಕೊಳ್ಳಲ್ಲ. ಕ್ಯಾಲಿಫೋರ್ನಿಯಾದಲ್ಲಿ ಘೋರ ನಿರ್ಲಕ್ಷ್ಯಕ್ಕೆ ಅಂಥ ಕಾಗದ ರಕ್ಷಣೆ ಕೊಡಲ್ಲ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೂಡ 'ಅನ್ಯಾಯದ ಒಪ್ಪಂದ' ಅನ್ನೋದನ್ನ ಪ್ರತ್ಯೇಕವಾಗಿ ಗುರುತಿಸುತ್ತೆ, ಅಂಥದ್ದರ ವಿರುದ್ಧ ದೂರು ಕೊಡಲು ಅವಕಾಶ ಇದೆ. ಆದರೆ ಇದೆಲ್ಲ ಆಗಿಹೋದ ಮೇಲಿನ ಮಾತು.

ಹಾರುವ ಮೊದಲು ಕೇಳಬಹುದಾದ್ದು ಇಷ್ಟು. ನನ್ನ ಜೊತೆ ಹಾರುವವರ ಟ್ಯಾಂಡಮ್ ರೇಟಿಂಗ್ ಕಾರ್ಡ್ ನೋಡಬಹುದಾ? ಅದು ಇದೇ ಬ್ಯಾಗಿನ ಮಾದರಿಗಾ, ಅವಧಿ ಮುಗಿದಿಲ್ಲ ತಾನೇ? ಎಎಡಿ ಆನ್ ಆಗಿದೆಯಾ? ಯಾವ ಹಿಡಿ ಯಾವುದಕ್ಕೆ ಅಂತ ಒಮ್ಮೆ ತೋರಿಸ್ತೀರಾ? ರಿಸರ್ವ್ ಮಡಚಿದ ದಿನಾಂಕ, ಮಡಚಿದವರ ಸಹಿ ಇರುವ ಒಂದು ಸಣ್ಣ ಕಾರ್ಡ್ ಬ್ಯಾಗಿನ ಜೊತೆಯೇ ಇರುತ್ತೆ, ಅದನ್ನ ಕಿಸೆಯಿಂದ ತೆಗೆದು ತೋರಿಸೋಕೆ ಒಂದು ನಿಮಿಷ ಸಾಕು. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ, ಇಲ್ಲಾ "ದುಡ್ಡು ವಾಪಸ್" ಅಂತ ಜೋಕ್ ಹೊಡೆದರೆ, ನಾನಂತೂ ಈ ಸಲ ನಗಲ್ಲ. ವಿಮಾನ ಹತ್ತೋದೂ ಇಲ್ಲ.